ಅರ್ಧ ಇಂಚ

ಮಂಗೋರ್ ಹಿಲ್‌ನ್ಯಾಗ, ಎರಡನೇ ಮಾಳಿಗಿ,
ಎರ್ಮೆಲಿಂಡಾ ಬಾಯಿಯವರ ಅಡಗಿಮನಿ.
ಏಳ ಫೂಟ ಉದ್ದ, ಐದೂವರಿ ಅಗಲ,
ಒಬ್ರು ಬಗ್ಗಿದ್ರ ಇನ್ನೊಬ್ರು ಹೊರಗ ನಿಂದ್ರಬೇಕು.
ಕಿಡಕಿ ತಗದ್ರ ಬಂದರದ ಕಲ್ಲಿದ್ದಲ ಧೂಳು,
ಮುಚ್ಚಿದ್ರ ಮೀನದ ವಾಸನಿ.

ಭಾಂಡೆ ತೊಳಿಯೂ ಮಷೀನು, ಚೌತಿ ಸೇಲಿನ್ಯಾಗ ತಗೊಂಡದ್ದು.
ಎತ್ತರ ಮೂವತ್ಮೂರೂವರಿ.
ಗ್ರಾನೈಟ ಕಟ್ಟಿ ಕೆಳಗ ನನ್ನ ಟೇಪು ಹೇಳಿದ್ದು
ಬರೇ ಮೂವತ್ಮೂರು.
ಮತ್ತೊಮ್ಮೆ ಹಿಡದೆ. ಟೇಪಿಗೆ ದಯಾ ಇಲ್ಲ.

ಬಾಗಲದಾಗ ಹೊಳೆವ್ವ, ನನ್ನ ಹೇಣ್ತಿ,
ಸೆರಗು ಸೊಂಟಕ್ಕ ಸಿಗಸಿ
ಬ್ಯಾಟರಿ ಹಿಡಕೊಂಡು ನಿಂತಿದ್ಲು.
ಈ ಮನಿ ಭಾಂಡೆ ಆರ ವರ್ಷ ಅಕಿನ ತಿಕ್ಕಿದ್ದು,
ತಿಂಗಳಿಗೆ ಹದಿನೆಂಟನೂರು, ನಾತಾಳಕ್ಕ ಒಂದ ಕೇಕು.
ಮನ್ನೆ ರಾತ್ರಿ ಕೇಳಿದ್ದೆ, ಒಲ್ಲೆ ಅನ್ನಲೇನ ಈ ಕೆಲಸಾ?
ನೀ ಒಲ್ಲೆ ಅಂದ್ರ ಬೈನಾದ ಸೋಮ್ಯಾ ಹಾಕತಾನ, ಅಂದ್ಲು.
ಸೋರತೈತಿ. ನೆಲಾ ಒರಸಾಕಿ ನಾನ.

ಹಳೇ ಸಿಂಕು ಬಿಚ್ಚಿದೆ ಮದಲ.
ಬಾಜೂಕ ಭಾಂಡೆ ಒಣಗಸೂ ತಾಟು ಇದ್ದ ಉದ್ದನ್ನ ಸಿಂಕು,
ಅದರ ಜಾಗಾದಾಗ ಹದಿನೆಂಟ ಇಂಚಿಂದು, ಒಂದ ಕುಣಿ.
ಕೆಳಗಿನ ಬಾಟಲಿ ಟ್ರ್ಯಾಪು ತಿರುವಿದಾಗ
ಅಂಗೈಯಾಗ ಬಿತ್ತು
ಮೀನದ ಹುರುಪಿ, ನಿಂಬಿ ಬೀಜಾ, ಕರ್ರನ ಜಿಡ್ಡು,
ಮತ್ತ ಹಸರ ಬಳಿ ಚೂರು, ಮೂರು.
ಹೊಳೆವ್ವ ಬ್ಯಾಟರಿ ಬ್ಯಾರೆ ಕಡೆ ತಿರುಗಿಸಿದ್ಲು.

ಅರ್ಧ ಇಂಚಿಗೆ ಏನ ಮಾಡೂದು?
ಕಟ್ಟಿ ಎತ್ತಾಕ ಬರೂದಿಲ್ಲ, ನೆಲಾ ಕಡ್ಯಾಕ
ಕೆಳಗಿನ ಮನಿಯವರು ಬಿಡೂದಿಲ್ಲ.
ಪುಸ್ತಕದಾಗಿನ ಚಿತ್ರ ನೋಡಿ ಹೊಳೆವ್ವನ ಅಂದ್ಲು,
"ಅದರ ತಲಿಮ್ಯಾಲಿನ ಹಲಿಗಿ ತಗಿ.
ಕಟ್ಟೀನ ಅದಕ್ಕ ಟೊಪಗಿ."
ಹಿಂದ ಎರಡ ಸ್ಕ್ರೂ. ತಗದೆ.
ತಲಿ ಇಲ್ಲದ ಮಷೀನು ಒಳಗ ಸರೀತು,
ಕಟ್ಟಿಗೆ ಹತ್ತಿಯೂ ಹತ್ತದ್ಹಂಗ.

ಕಾಲು ತಿರುವಿ ಮಟ್ಟಾ ಮಾಡಿದೆ,
ಗುಳ್ಳಿ ನಡುವ ಬಂದು ನಿಂತಿತು.
ಹೊಲಸ ನೀರಿನ ಪೈಪು ಸೀದಾ ಬಿಡಬಾರದು,
ಒಂಟಿ ಕುತಗಿ ಹಂಗ ಮ್ಯಾಲೆತ್ತಿ ಕೆಳಗ ಇಳಸಬೇಕು.
ಇಲ್ಲಾಂದ್ರ ಸಿಂಕಿನ ಎಂಜಲ ನೀರು
ತಿರಗಿ ತೊಳದ ತಾಟಿಗೆ ಬರತೈತಿ.

ಸುರು ಮಾಡಿದ್ವಿ.
ಎರಡ ತಾಸ ಹತ್ತ ಮಿನಿಟು ಅಂತ ತೋರಿಸ್ತು.
ಮೂರೂ ಮಂದಿ ಬಾಗಲದಾಗ ನಿಂತು ಕೇಳಿದ್ವಿ
ಒಳಗ ನೀರು ಗೋಡಿಗೆ ಬಡ್ಯೂ ಸಪ್ಪಳಾ.
"ಎರಡ ತಾಸಾ?" ಅಂದ್ಲು ಹೊಳೆವ್ವ,
"ನಾ ಇಪ್ಪತ್ತ ಮಿನಿಟಿನ್ಯಾಗ ಮುಗಸ್ತಿದ್ದೆ."
ಬಾಯಿಯವರು ನಕ್ಕರು, ಆಮ್ಯಾಲ ನಗೂದ ಬಿಟ್ಟರು.
"ಮಣ್ಣಿನ ಕುಂಡ್ಲಿ, ದೊಡ್ಡ ಕಡಾಯಿ
ಅದರಾಗ ಹಾಕಾಕ ಬರೂದಿಲ್ಲಲ್ಲ. ಅದಕ್ಕ ಬಾ. ಆರನೂರು."
ಲೆಕ್ಕಾ ಹಾಕೂಮುಂದ ಅಕಿ ಕೆಳಗಿನ ತುಟಿ ಕಚ್ಚತಾಳ. ಕಚ್ಚಿದ್ಲು.
"ಒಂಬೈನೂರು. ಮತ್ತ ಆ ಹಳೇ ಸಿಂಕು."

ಗುಜರಿಯಾಂವ ನಾಕನೂರು ಕೊಡತಿದ್ದ. ನಾ ಬಾಯಿ ಬಿಡಲಿಲ್ಲ.
ತಲಿಮ್ಯಾಲ ಸಿಂಕು ಹೊತ್ತು ದಿಣ್ಣಿ ಇಳದ್ಲು ಅಕಿ,
ಹಿಂದ ನಾನು, ಚೀಲದಾಗ ಪಾನಾ, ಟೇಪು.
ಬಿಸಲು ಸ್ಟೀಲಿಗೆ ಬಿದ್ದು
ಓಣಿ ಗೋಡಿಮ್ಯಾಲೆಲ್ಲ ಕುಣೀತಿತ್ತು.

ನಮ್ಮ ಖೋಲಿಗೆ ನಳಾ ಇಲ್ಲ, ಮೋರಿಗೆ ಪೈಪಿಲ್ಲ.
ಬಾಗಲ ಮುಂದ ಚಿರೇಕಲ್ಲಿನ ಎರಡ ಕಂಬಾ ಕಟ್ಟಿ
ಮ್ಯಾಲ ಸಿಂಕು ಕೂಡ್ರಿಸಿದೆ.
ಎತ್ತರಾ ಅಕಿನ ಸೊಂಟಾ ನೋಡಿ ಇಟ್ಟೆ,
ಟೇಪು ಹಚ್ಚಲಿಲ್ಲ.

ಬಾದಾಮಿ ಕಡೆ ನಮ್ಮೂರಾಗ, ಇಲ್ಲಿ ಬೈನಾದಾಗ,
ತನ್ನ ಮನಿ ಭಾಂಡೆ ಯಾವಾಗಲೂ ಕುಂತ ತಿಕ್ಕಿದಾಕಿ
ಆ ಸಂಜಿಗೆ ನಿಂತು ತಿಕ್ಕಿದ್ಲು.
ಬಾಜೂಮನಿ ಸಿದ್ಲಿಂಗವ್ವ ಬಂದು ನೋಡಿದ್ಲು,
ಏನೂ ಅನ್ನಲಿಲ್ಲ, ತನ್ನ ಒಂದ ಗಂಗಾಳ ತಂದು ಅದರಾಗ ಇಟ್ಟಳು.

ಕುಣಿ ಕೆಳಗ ಪೈಪಿಲ್ಲ, ಬಕೀಟ ಇಟ್ಟೇನಿ.
ಚಾ ಕುಡಕೋತ ಕುಂತಿದ್ದೆ.
"ತುಂಬೇತಿ," ಅಂದ್ಲು, ಹಿಂದ ತಿರುಗದ,
"ಚೆಲ್ಲಿ ಬಾ."